ಮೋಸೆಲ್ ದಂಡೆಯ ದ್ರಾಕ್ಷಾರಸ

ದ್ರಾಕ್ಷಾರಸದ ರುಚಿಯನ್ನು ಅರಿಯಬೇಕೆಂದು ಹೊರಟವರು ಬಟ್ಟಲನ್ನು ಮುಟ್ಟುವ ಮುನ್ನ ಬಳ್ಳಿ ಬೇರೂರಿದ ನೆಲವನ್ನು ಕಾಲಿನಿಂದ ತುಳಿದು ನೋಡಬೇಕೆಂಬುದು ನಾನು ಬಹುಕಾಲದಿಂದ ನಂಬಿಕೊಂಡು ಬಂದಿರುವ ಮಾತು. ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ಆ ನಂಬಿಕೆ ನನಗೆ ಇನ್ನಷ್ಟು ಗಟ್ಟಿಯಾಯಿತು. ಫ್ರಾನ್ಸಿನ ವೋಜ್ ಪರ್ವತಗಳಲ್ಲಿ ಹುಟ್ಟಿ, ಟ್ರಿಯರ್ ಪಟ್ಟಣವನ್ನು ದಾಟಿದ ಮೇಲೆ ಬಳಸಿ ಬಳಸಿ ಹರಿದು, ಕೋಬ್ಲೆಂಟ್ಸಿನಲ್ಲಿ ರೈನ್ ನದಿಯನ್ನು ಕೂಡುವ ಈ ಹೊಳೆಯ ಇಕ್ಕೆಲಗಳಲ್ಲಿ ರೋಮನರ ಕಾಲದಿಂದಲೂ ದ್ರಾಕ್ಷಿಯ ವ್ಯವಸಾಯ ನಡೆದುಬಂದಿದೆ; ಅವರು ಹಣ್ಣನ್ನು ತುಳಿದು ರಸ ಹಿಂಡುತ್ತಿದ್ದ ಕಲ್ಲಿನ ತೊಟ್ಟಿಗಳನ್ನು ಪೀಸ್‌ಪೋರ್ಟ್ ಗ್ರಾಮದ ತೋಟಗಳ ಬುಡದಲ್ಲಿ ಇಂದಿಗೂ ಕಾಣಬಹುದು. ಆದರೆ ಈ ಸೀಮೆಗೆ ಕೀರ್ತಿ ತಂದ ರೀಸ್ಲಿಂಗ್ ತಳಿ ಇಲ್ಲಿ ನೆಲೆಯೂರಿದುದು ಬಹಳ ಈಚೆಗೆ. ಕೀಳು ತಳಿಗಳನ್ನು ಕಿತ್ತು ಉತ್ತಮವಾದ ಬಳ್ಳಿಗಳನ್ನೇ ನೆಡತಕ್ಕದ್ದೆಂದು ಟ್ರಿಯರಿನ ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್ 1787ರಲ್ಲಿ ಹೊರಡಿಸಿದ ಆಜ್ಞೆಯಿಂದ ಅದಕ್ಕೆ ಬಲ ಬಂದಿತು.

ಬರ್ನ್‌ಕಾಸ್ಟಲಿನ ಸಮೀಪದ ಹಳ್ಳಿಯೊಂದರಲ್ಲಿ, ತಲೆಮಾರುಗಳಿಂದ ದ್ರಾಕ್ಷಿ ಬೆಳೆಯುತ್ತಿರುವ ಮನೆತನದ ಹಿರಿಯ ಹೆಣ್ಣುಮಗಳೊಬ್ಬರು ಆ ದಿನ ನಮಗೆ ಮಾರ್ಗದರ್ಶಿಯಾಗಿದ್ದರು. ಆಕೆ ನಮ್ಮನ್ನು ನೆಲಮಾಳಿಗೆಗೆ ಕರೆದೊಯ್ಯದೆ ನೇರವಾಗಿ ಗುಡ್ಡದ ಮೇಲಕ್ಕೆ ನಡೆಸಿದರು. ನಿಂತವನಿಗೆ ಕೈಯೂರದೆ ಗತಿಯಿಲ್ಲದಷ್ಟು ಕಡಿದಾದ ಆ ಇಳಿಜಾರಿನಲ್ಲಿ ಮಣ್ಣೆಂಬುದು ಹೆಸರಿಗೆ ಮಾತ್ರ. ಕಾಲಿಟ್ಟಲ್ಲೆಲ್ಲ ಜಾರುವುದು ನೀಲಿಗಪ್ಪು ಬಣ್ಣದ ಕಲ್ಲಿನ ಚಕ್ಕೆಗಳು, ಬಾಲ್ಯದಲ್ಲಿ ನಾವು ಅಕ್ಷರ ತಿದ್ದಿದ ಸ್ಲೇಟಿನದೇ ಜಾತಿಯ ಕಲ್ಲು. ಒಂದು ಚಕ್ಕೆಯನ್ನೆತ್ತಿ ಆಕೆ ನನ್ನ ಅಂಗೈಯಲ್ಲಿಟ್ಟಾಗ, ಗಾಳಿ ಇನ್ನೂ ತಣ್ಣಗಿದ್ದ ಆ ಪೂರ್ವಾಹ್ಣದಲ್ಲಿಯೂ ಅದು ಬೆಚ್ಚಗಿದ್ದಿತು. ಉತ್ತರದ 50ನೆಯ ಅಕ್ಷಾಂಶದ ಆಸುಪಾಸಿನಲ್ಲಿ ಸೂರ್ಯನು ಓರೆಯಾಗಿಯೇ ಸಂಚರಿಸುವನಾದ್ದರಿಂದ, ದಕ್ಷಿಣಾಭಿಮುಖವಾದ ಕಡಿದಾದ ಇಳಿಜಾರು ಮಾತ್ರವೇ ಅವನ ಕಿರಣಗಳನ್ನು ನೇರವಾಗಿ ಎದುರುಗೊಳ್ಳಬಲ್ಲುದು. ಕೆಳಗಿನ ನದಿ ಬೆಳಕನ್ನು ಪ್ರತಿಫಲಿಸುವುದು, ಹಗಲು ಕುಡಿದ ತಾಪವನ್ನು ಕಲ್ಲು ಇರುಳಿನಲ್ಲಿ ಬಳ್ಳಿಗೆ ಮರಳಿಸುವುದು. ಇಷ್ಟೆಲ್ಲ ಅನುಕೂಲವಿದ್ದೂ ಹಣ್ಣು ಶರತ್ಕಾಲ ಕಳೆಯುವವರೆಗೆ ನಿಧಾನವಾಗಿ ಮಾಗುತ್ತದೆ, ಮತ್ತು ಈ ನಿಧಾನದಿಂದಲೇ ಅದರಲ್ಲಿ ಸಿಹಿ ಕೂಡಿಕೊಂಡರೂ ಹುಳಿ ಅಳಿಯುವುದಿಲ್ಲ.

ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಅದರ ಎರಡು ಕವಲುಗಳನ್ನು ಬಗ್ಗಿಸಿ ಹೃದಯಾಕಾರದಲ್ಲಿ ಕಟ್ಟುವ ಈ ಹಳೆಯ ಪದ್ಧತಿಯಲ್ಲಿ ಕೆಲಸಗಾರನು ಮೇಲೆ ಕೆಳಗೆ ಮಾತ್ರವಲ್ಲದೆ ಅಡ್ಡವಾಗಿಯೂ ಬಳ್ಳಿಗಳ ನಡುವೆ ಸರಿದಾಡಬಹುದು. ಇಂತಹ ನೆಲದಲ್ಲಿ ಯಂತ್ರ ಆಡುವುದು ದುಸ್ತರ. ಬ್ರೆಮ್ ಗ್ರಾಮದ ಕಾಲ್ಮೊಂಟ್ ಗುಡ್ಡದಲ್ಲಿ ಇಳಿಜಾರು 65 ಡಿಗ್ರಿಯವರೆಗೂ ಏರುತ್ತದೆ. ಅಲ್ಲಿ ಒಂದೇ ಕಂಬಿಯ ಪುಟ್ಟ ಬಂಡಿಯೊಂದು ಆಳನ್ನೂ ಹಣ್ಣನ್ನೂ ಹೊತ್ತು ತೆವಳುತ್ತದೆ. ದುಡಿಯುವ ಕೈಗಳು ಸಾಲದೆ, ಬೆಲೆಯೂ ದೊರೆಯದೆ, ಎಷ್ಟೋ ಒಳ್ಳೆಯ ಇಳಿಜಾರುಗಳು ಪಾಳುಬಿದ್ದು ಮುಳ್ಳುಪೊದೆಗಳ ಪಾಲಾಗಿರುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು.

ಮಧ್ಯಾಹ್ನ ಹೊಳೆಯಾಚೆಯ ಕೂಸ್ ಎಂಬಲ್ಲಿ, ತತ್ತ್ವಜ್ಞಾನಿ ನಿಕೊಲಾಸ್ ಕುಸಾನಸ್ ತನ್ನ ಹುಟ್ಟೂರಿನಲ್ಲಿ 33 ಮಂದಿ ವೃದ್ಧರಿಗಾಗಿ 1458ರಲ್ಲಿ ಸ್ಥಾಪಿಸಿದ ಧರ್ಮಶಾಲೆಯನ್ನು ನೋಡಿದೆವು. ಅದು ಈಗಲೂ ವೃದ್ಧರಿಗೆ ಆಶ್ರಯ. ಅದಕ್ಕೆ ಸ್ವಂತ ದ್ರಾಕ್ಷಿತೋಟಗಳೂ ಉಂಟು.

ಆಸ್ವಾದನಕ್ಕೆ ಕುಳಿತುದು ಇಳಿಹೊತ್ತಿನಲ್ಲಿ, ಆಕೆಯ ಮನೆಯ ನೆಲಮಾಳಿಗೆಯಲ್ಲಿ, ಒಂದೊಂದೂ ಸುಮಾರು 1000 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳ ನಡುವೆ. ಕ್ರಮದಲ್ಲಿ ಆಕೆ ಕಟ್ಟುನಿಟ್ಟು: ಮೊದಲು ಸಿಹಿಯಿಲ್ಲದುದು, ಬಳಿಕ ಹಣ್ಣು ಮಾಗಿದ ಮಟ್ಟಕ್ಕೆ ತಕ್ಕಂತೆ ಹೆಸರಿಟ್ಟ ದರ್ಜೆಗಳ ಏರುಕ್ರಮದಲ್ಲಿ ಕಾಬಿನೆಟ್, ಆಮೇಲೆ ಶ್ಪೇಟ್‌ಲೇಸೆ, ಕಡೆಗೆ ಔಸ್‌ಲೇಸೆ, ಏಕೆಂದರೆ ಸಿಹಿಗೆ ಒಮ್ಮೆ ಒಗ್ಗಿದ ನಾಲಗೆಗೆ ಸಿಹಿಯಿಲ್ಲದ ರಸವು ಬರಿಯ ಹುಳಿಯಾಗಿ ತೋರುವುದು. ಬಟ್ಟಲನ್ನು ಮೆಲ್ಲನೆ ತಿರುಗಿಸಿ, ಮೂಸಿ, ಒಂದು ಗುಟುಕನ್ನು ಬಾಯಿಯಲ್ಲೆಲ್ಲ ಆಡಿಸಿ, ಪಕ್ಕದ ಜಾಡಿಗೆ ಉಗುಳುವುದು ಇಲ್ಲಿ ಮರ್ಯಾದೆಗೇಡಲ್ಲ. ಕಡೆಯ ಬಟ್ಟಲಿನವರೆಗೂ ಇಂದ್ರಿಯಗಳನ್ನು ಚುರುಕಾಗಿಟ್ಟುಕೊಳ್ಳಬೇಕೆಂಬವನಿಗೆ ಅದು ಅವಶ್ಯ.

ಸಿಹಿಯಾದ ದ್ರಾಕ್ಷಾರಸವೆಂದರೆ ಅನನುಭವಿಗಳ ಪಾನೀಯವೆಂದು ಮೂಗುಮುರಿಯುವ ರಸಿಕರು ನಮ್ಮಲ್ಲಿ ಬಹಳ ಮಂದಿ. ಆ ಅಭಿಪ್ರಾಯ ಕಾಬಿನೆಟ್ಟಿನ ಮುಂದೆ ನಿಲ್ಲಲಾರದು. ಹಿಂದೆ ಚಳಿಗಾಲದ ಶೈತ್ಯದಿಂದ ಪೀಪಾಯಿಯೊಳಗಿನ ಹುದುಗು ತಾನಾಗಿ ತಣಿದು ನಿಂತಾಗ ದ್ರಾಕ್ಷಿಯ ಸಕ್ಕರೆ ಒಂದಿಷ್ಟು ಹುದುಗದೆ ಉಳಿಯುತ್ತಿತ್ತು. ಇಂದು ಅದನ್ನೇ ಬೇಕೆಂದು ತಣಿಸಿ ನಿಲ್ಲಿಸುತ್ತಾರೆ. ಆದಕಾರಣ ಮದ್ಯಸಾರ ನೂರಕ್ಕೆ 8ರ ಸುಮಾರಿನಲ್ಲಿಯೇ ನಿಲ್ಲುವುದು. ನಾಲಗೆಯ ತುದಿಗೆ ಮೊದಲು ಸಿಹಿ ಸೋಕಿ, ಅದು ಹರಡಿಕೊಳ್ಳುವಷ್ಟರಲ್ಲಿ ಹುಳಿ ಎದ್ದು ಬಂದು ಅದನ್ನು ಎತ್ತಿ ಹಿಡಿಯುವುದು. ಗೊಜ್ಜಿನಲ್ಲಿ ಹುಣಿಸೆಯೂ ಬೆಲ್ಲವೂ ಒಂದನ್ನೊಂದು ತಡೆದು ನಿಲ್ಲಿಸುವ ಬಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ರಸದಲ್ಲಿ ಹಸಿರು ಸೇಬು, ನಿಂಬೆಯ ಸಿಪ್ಪೆ, ಮಳೆ ಬಿದ್ದ ಕಲ್ಲಿನ ವಾಸನೆ. ವರ್ಷಗಳು ಸಂದಂತೆ ಜೇನು, ಅದರೊಡನೆ ಸೀಮೆಎಣ್ಣೆಯನ್ನು ನೆನಪಿಸುವ ವಿಚಿತ್ರ ಪರಿಮಳವೊಂದು. ಇದು ಹಳತಾದ ರೀಸ್ಲಿಂಗಿನ ಸ್ವಭಾವವೇ ಹೊರತು ಕೆಟ್ಟುದರ ಗುರುತಲ್ಲ.

ಔಸ್‌ಲೇಸೆಯ ಸಮೃದ್ಧಿಯನ್ನು ನಾನು ಅಲ್ಲಗಳೆಯಲಾರೆ. ಆದರೂ ಅದು ಒಂದು ಬಟ್ಟಲಿಗೆ ತೃಪ್ತಿಯನ್ನುಂಟುಮಾಡಿ ಮುಗಿಯುವ ರಸ. ಕಾಬಿನೆಟ್ಟಿನ ಲಘುತ್ವವಾದರೋ ಊಟದೊಡನೆ ಹೊಂದಿಕೊಂಡು ನಡೆಯುವುದು, ವಿಶೇಷವಾಗಿ ಖಾರದ ಊಟದೊಡನೆ. ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುವುದು ಮದ್ಯಸಾರ, ಶಮನಗೊಳಿಸುವುದು ಸಿಹಿ. ನಮ್ಮ ಅಡುಗೆಗೆ ಇದಕ್ಕಿಂತ ಹೆಚ್ಚು ಒಪ್ಪುವ ದ್ರಾಕ್ಷಾರಸವನ್ನು ಯುರೋಪಿನಲ್ಲಿ ನಾನು ಕಂಡಿಲ್ಲ. ಹೊರಡುವಾಗ ಆಕೆಯಿಂದ ಕೇಳಿ ಪಡೆದುದೂ ಕಾಬಿನೆಟ್ಟನ್ನೇ: ಒಂದು ಸೀಸೆ ಈ ವರ್ಷದ ಊಟಕ್ಕೆ, ಮತ್ತೊಂದು ಹತ್ತು ವರ್ಷ ತಂಪಾದ ಕತ್ತಲೆಯಲ್ಲಿ ಮಲಗಿಸಿಡುವುದಕ್ಕೆ.