ಹೆಸರಿಗಿಂತ ಉಕ್ಕನ್ನು ನಂಬಿ

ಹಳೆಯ ಜಪಾನಿ ಕತ್ತಿಗೆ ಬೆಲೆ ಕಟ್ಟುವವರಲ್ಲಿ ಅನೇಕರು ಮೊದಲು ಹಿಡಿ ಕಳಚಿ, ಒಳಗೆ ಅಡಗಿರುವ ಅಲಗಿನ ಬುಡದಲ್ಲಿ ಕಮ್ಮಾರನ ಹೆಸರು ಹುಡುಕುತ್ತಾರೆ. ಹೆಸರು ದೊಡ್ಡದಿದ್ದರೆ ಕತ್ತಿಯೂ ದೊಡ್ಡದೆಂದು ನಂಬುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ವಾದ. ಕತ್ತಿ ಒದಗಿಸುವ ಸಾಕ್ಷಿಗಳಲ್ಲಿ ಹೆಸರೇ ಎಲ್ಲಕ್ಕಿಂತ ದುರ್ಬಲ. ಹದಿನೇಳನೇ ಶತಮಾನದ ಎದೋ ನಗರದಲ್ಲಿ, ಕವಚ ಮಾಡುವ ಕಸುಬು ಬಿಟ್ಟು ಕತ್ತಿಯ ಕೆಲಸಕ್ಕೆ ಇಳಿದ ನಾಗಸೋನೆ ಕೊತೆತ್ಸುವನ್ನೇ ನೋಡಿ. ಅವನ ಕೀರ್ತಿ ಎಷ್ಟು ಹಬ್ಬಿತೆಂದರೆ, ಅವನ ಹೆಸರು ಹೊತ್ತ ಕತ್ತಿ ಎಂದೊಡನೆ ಬಲ್ಲವರು ಮೊದಲು ಅನುಮಾನಪಡುತ್ತಾರೆ. ಒಂದು ಉಳಿಯಿದ್ದರೆ ಯಾರ ಹೆಸರನ್ನಾದರೂ ಕೆತ್ತಬಹುದು. ಇನ್ನೊಂದು ಕಡೆ, ನಿಜವಾದ ಹೆಸರುಗಳೇ ಅಳಿದುಹೋಗಿವೆ. ಕುದುರೆ ಸವಾರರಿಗೆಂದು ಮಾಡಿದ ಉದ್ದನೆಯ ‘ತಾಚಿ’ ಕತ್ತಿಗಳನ್ನು ನಂತರದ ಶತಮಾನಗಳಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಾಡಲು ಅನುಕೂಲವಾಗಲೆಂದು ಬುಡದ ಕಡೆಯಿಂದ ಮೊಟಕು ಮಾಡಿದರು. ಕತ್ತರಿಸಿದ ತುಂಡಿನ ಜೊತೆಗೇ ಹೆಸರೂ ಹೋಯಿತು.

ಉಕ್ಕನ್ನು ಹಾಗೆ ಸುಲಭವಾಗಿ ನಕಲು ಮಾಡಲಾಗದು, ಏಕೆಂದರೆ ಕಮ್ಮಾರ ತೆಗೆದುಕೊಂಡ ಒಂದೊಂದು ನಿರ್ಧಾರವೂ ಅದರಲ್ಲಿ ಅಚ್ಚೊತ್ತಿರುತ್ತದೆ. ಕತ್ತಿಯ ಉಕ್ಕಾದ ‘ತಮಾಹಗಾನೆ’ ಹುಟ್ಟುವುದು ಕಬ್ಬಿಣದ ಮರಳು ಮತ್ತು ಇದ್ದಿಲಿನಿಂದ, ‘ತಾತಾರ’ ಎಂಬ ಮಣ್ಣಿನ ಕುಲುಮೆಯಲ್ಲಿ. ಶಿಮಾನೆ ಪ್ರಾಂತ್ಯದ ಒಕುಇಝುಮೊದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ ಇಂಥ ಕುಲುಮೆ ಇಂದಿಗೂ ಚಳಿಗಾಲದಲ್ಲಿ ಮೂರು ಹಗಲು ಮೂರು ರಾತ್ರಿ ಉರಿಯುತ್ತದೆ. ಹೀಗೆ ದೊರೆಯುವ ಉಕ್ಕಿನಲ್ಲಿ ಇಂಗಾಲ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ನಡುವೆ ಕಿಟ್ಟವೂ ಸೇರಿರುತ್ತದೆ. ಅದನ್ನು ಒಡೆದು, ಚೂರುಗಳನ್ನು ಆರಿಸಿ, ಕಾಯಿಸಿ ಬಡಿದು ಮಡಿಸುವುದು ಈ ಏರುಪೇರನ್ನು ಸರಿದೂಗಿಸಲಿಕ್ಕೆ. ಹದಿನೈದು ಸಲ ಮಡಿಸಿದರೆ ಲೆಕ್ಕದಲ್ಲಿ 32,768 ಪದರಗಳಾಗುತ್ತವೆ. ಆದರೆ ಮಡಿಕೆ ಹೆಚ್ಚಿದಷ್ಟೂ ಕತ್ತಿ ಶ್ರೇಷ್ಠ ಎಂಬ ಜನಪ್ರಿಯ ನಂಬಿಕೆ ಸರಿಯಲ್ಲ. ಪ್ರತಿ ಸಲವೂ ಬೆಂಕಿಯಲ್ಲಿ ಉಕ್ಕು ಸವೆಯುತ್ತದೆ, ಇಂಗಾಲ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಅರಿಯುವುದೇ ಕಸುಬು. ಕೊನೆಗೆ ಬೆನ್ನಿನ ಕಡೆ ದಪ್ಪಗೆ, ಬಾಯಿಯ ಕಡೆ ತೆಳ್ಳಗೆ ಜೇಡಿಮಣ್ಣು ಬಳಿದು, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಬೇಗ ತಣಿದ ಬಾಯಿ ಗಡುಸಾಗಿ ಹಿಗ್ಗುತ್ತದೆ, ನಿಧಾನವಾಗಿ ತಣಿದ ಬೆನ್ನು ಮೆದುವಾಗಿ ಉಳಿಯುತ್ತದೆ. ಈ ಹಿಗ್ಗುವಿಕೆಯಿಂದಲೇ ಅಲಗು ಇನ್ನಷ್ಟು ಬಾಗುತ್ತದೆ. ಗಡುಸು ಮತ್ತು ಮೆದು ಉಕ್ಕು ಕೂಡುವ ಗೆರೆಯೇ ‘ಹಾಮೋನ್’.

ಈ ಗೆರೆ, ಮಡಿಕೆಯಿಂದ ಮೂಡಿದ ಎಳೆ, ಅಲಗಿನ ಬಾಗು ಮೂರನ್ನೂ ಕೂಡಿಸಿ ಓದಿದರೆ ಕಾಲ ಮತ್ತು ನೆಲೆ ಗೋಚರಿಸುತ್ತವೆ. ಬಿಝೆನ್ ಪ್ರಾಂತ್ಯದ ಹಳೆಯ ಅಲಗುಗಳಲ್ಲಿ ಗೆರೆ ಲವಂಗದ ಮೊಗ್ಗುಗಳ ಸಾಲಿನಂತೆ ಏರಿಳಿಯುತ್ತದೆ. ಅದರ ಕಣಗಳು ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ನವಿರು. ಸಗಾಮಿ ಪ್ರಾಂತ್ಯದ ಕೆಲಸದಲ್ಲಿ ಅವೇ ಕಣಗಳು ಒಂದೊಂದಾಗಿ ಮಿನುಗುವಷ್ಟು ದೊಡ್ಡವು. ಆರಂಭದ ಕಾಮಾಕುರಾ ಕಾಲದ ತಾಚಿ ಹಿಡಿಯ ಹತ್ತಿರ ಹೆಚ್ಚು ಬಾಗಿರುತ್ತದೆ. ಹದಿನಾಲ್ಕನೇ ಶತಮಾನದ ನಡುವಿನದು ಅಗಲವಾಗಿ, ಉದ್ದ ಮೊನೆಯಿಂದ ಕೂಡಿರುತ್ತದೆ. 1660ರ ದಶಕದ ಅಲಗು ಬಹುಮಟ್ಟಿಗೆ ನೆಟ್ಟಗೆ. ಜಪಾನಿನ ಪರೀಕ್ಷಾ ಕೂಟಗಳಲ್ಲಿ ಬುಡವನ್ನು ಮುಚ್ಚಿಟ್ಟು, ಬರೀ ಅಲಗು ನೋಡಿ ಕಮ್ಮಾರನನ್ನು ಗುರುತಿಸಲು ಹೇಳುವುದು ಈ ಓದಿನ ತರಬೇತಿಗಾಗಿಯೇ.

ಇದೆಲ್ಲ ಊಹೆಯಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಅತ್ಯಂತ ಪ್ರಸಿದ್ಧ ಕಮ್ಮಾರನಾದ ಮಸಾಮುನೆಯ ಹೆಸರು ನಿಸ್ಸಂದೇಹವಾಗಿ ಉಳಿದಿರುವುದು ಬೆರಳೆಣಿಕೆಯ ಕಿರುಗತ್ತಿಗಳ ಮೇಲೆ ಮಾತ್ರ. ಅವನದೆನ್ನುವ ಉದ್ದ ಕತ್ತಿಗಳನ್ನು ಗುರುತಿಸಿಕೊಟ್ಟವರು ಆಳುವವರ ಆಶ್ರಯದಲ್ಲಿದ್ದ ಹೊನಾಮಿ ಮನೆತನದ ಪರೀಕ್ಷಕರು. ದೊರೆಗಳು ಕತ್ತಿಗಳನ್ನು ಉಡುಗೊರೆಯಾಗಿ ಹಂಚುತ್ತಿದ್ದ ಕಾಲದಲ್ಲಿ ದೊಡ್ಡ ಹೆಸರು ಎಲ್ಲರಿಗೂ ಬೇಕಾಗಿತ್ತು. ಹದಿನಾರನೇ ಶತಮಾನದ ದೊರೆ ಹಿದೆಯೊಶಿಯ ಕಾಲದಲ್ಲಿ ಮಸಾಮುನೆಯ ಈ ಕೀರ್ತಿಯನ್ನು ಕಟ್ಟಲಾಯಿತು ಎಂಬ ವಾದ ಮೇಜಿ ಯುಗದಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಆದರೆ ಕಂಚಿಇನ್ ಪ್ರತಿ ಎಂದು ಹೆಸರಾದ, 1423ರಲ್ಲಿ ನಕಲು ಮಾಡಿದ ಹಸ್ತಪ್ರತಿಯಲ್ಲೇ ಮಸಾಮುನೆಯ ಹೆಸರಿದೆ. ಅದು ಹಿದೆಯೊಶಿ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದಿನದು. ಕತ್ತಿ ಯಾರದೆಂದು ಹೊನಾಮಿಗಳು ಬರೆದುಕೊಡುತ್ತಿದ್ದ ಪ್ರಮಾಣಪತ್ರವೂ ಒಂದು ಅಭಿಪ್ರಾಯವೇ ಎಂದು ನಾನು ಒಪ್ಪುತ್ತೇನೆ. ಅದರಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ: ಪತ್ರ ಬರೆದವನನ್ನು ಇಂದು ಪ್ರಶ್ನಿಸಲಾಗದು, ಅಲಗನ್ನು ಬೆಳಕಿಗೆ ಹಿಡಿದು ಮತ್ತೆ ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸಿ ಹಳೆಯ ತೀರ್ಪನ್ನು ಬದಲಿಸಿದ ಉದಾಹರಣೆಗಳೂ ಇವೆ.

ಇನ್ನೊಂದು ಆಕ್ಷೇಪ ಸಾಣೆಗಾರನ ಬಗ್ಗೆ. ಇಂದು ಸಾಮಾನ್ಯವಾಗಿರುವ ‘ಹದೋರಿ’ ಎಂಬ ಸಾಣೆಯಲ್ಲಿ ಗೆರೆಯ ಮೇಲೆ ನವಿರಾದ ಕಲ್ಲಿನ ಚಕ್ಕೆಯಿಂದ ಉಜ್ಜಿ ಬಾಯಿಯನ್ನು ಬೆಳ್ಳಗೆ ಎದ್ದು ಕಾಣಿಸುತ್ತಾರೆ. ಹಾಗಾದರೆ ನಾವು ಓದುತ್ತಿರುವುದು ಕಮ್ಮಾರನನ್ನೋ ಸಾಣೆಗಾರನನ್ನೋ? ಬಿಳುಪು ಮೇಲಿನದು, ಕಣಗಳು ಉಕ್ಕಿನೊಳಗಿನವು. ದೀಪದ ಕೆಳಗೆ ಅಲಗನ್ನು ಓರೆ ಮಾಡಿದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಆದರೂ ಈ ಆಕ್ಷೇಪ ಒಂದು ಎಚ್ಚರಿಕೆ ಕೊಡುತ್ತದೆ. ಪ್ರತಿ ಸಾಣೆಯೂ ಉಕ್ಕನ್ನು ತಿನ್ನುತ್ತದೆ. ಅನೇಕ ಅಲಗುಗಳಲ್ಲಿ ಮೆದು ಉಕ್ಕಿನ ತಿರುಳಿನ ಮೇಲೆ ಗಡುಸು ಉಕ್ಕಿನ ಹೊದಿಕೆ ಇರುತ್ತದೆ. ಆ ಹೊದಿಕೆ ಸವೆದರೆ ತಿರುಳು ಮೇಲೆದ್ದು ಎಳೆಯೇ ಮಾಯವಾಗುತ್ತದೆ. ಬುಡದ ಕಪ್ಪು ತುಕ್ಕು ಶತಮಾನಗಳಲ್ಲಿ ಕಟ್ಟಿದ್ದು. ಅದನ್ನು ತಿಕ್ಕಿ ಹೊಳಪು ಮಾಡಿದರೆ ವಯಸ್ಸಿನ ಪುರಾವೆ ಹೋಗುತ್ತದೆ, ಅಸಲಿ ಹೆಸರನ್ನೂ ನಂಬಲಾಗದಂತಾಗುತ್ತದೆ. ಆದ್ದರಿಂದ ಹಳೆಯ ಅಲಗು ಕೈಗೆ ಬಂದವರು ಸಾಣೆಕಲ್ಲು, ತುಕ್ಕು ತೆಗೆಯುವ ರಾಸಾಯನಿಕ ಯಾವುದನ್ನೂ ಮುಟ್ಟಬಾರದು. ತೆಳುವಾಗಿ ಎಣ್ಣೆ ಸವರಿ, ಪಳಗಿದ ಕಣ್ಣುಳ್ಳವರಿಗೆ ತೋರಿಸಬೇಕು. ಬಾಗು, ಎಳೆ, ಗೆರೆ ಹೇಳುವುದಕ್ಕೆ ಬುಡದ ಹೆಸರು ತಾಳೆಯಾದರೆ ಸಂತೋಷ. ತಾಳೆಯಾಗದಿದ್ದರೆ ಬಿಡಬೇಕಾದದ್ದು ಹೆಸರನ್ನು. ಅಲಗು ಚೆನ್ನಾಗಿದ್ದರೆ ಅನಾಮಿಕ ಕಮ್ಮಾರನಿಗೂ ಅಷ್ಟೇ ಗೌರವ ಸಲ್ಲಬೇಕು.