ಕಮಾನು ಉರುಳಿತು, ರಸ್ತೆ ಉಳಿಯಿತು

ಲಿಬಿಯಾದ ಭೂಪಟವನ್ನು ಎದುರಿಗಿಟ್ಟು ನೋಡಿದರೆ, ಕರಾವಳಿಯ ನಡುಭಾಗದಲ್ಲಿ ಮೆಡಿಟರೇನಿಯನ್ ಸಮುದ್ರವು ಮರುಭೂಮಿಯೊಳಕ್ಕೆ ಬಾಗಿ ಬಂದಿರುವುದು ಕಾಣುತ್ತದೆ. ಅದು ಸಿರ್ತ್ ಕೊಲ್ಲಿ. ಆ ಬಾಗಿನ ತಳದಲ್ಲಿ, ಈಗ ತೈಲ ಬಂದರಾಗಿ ಹೆಸರಾದ ರಾಸ್ ಲಾನೂಫ್‌ನ ಸಮೀಪ, ಹೆದ್ದಾರಿಗೆ ಅಡ್ಡಲಾಗಿ 1937ರಿಂದ 1973ರವರೆಗೆ ಒಂದು ಭಾರೀ ಕಮಾನು ನಿಂತಿತ್ತು. ಎತ್ತರ ಸುಮಾರು 31 ಮೀಟರ್. ಸುತ್ತಲೂ ಮರಳು. ಅದನ್ನು ಕಟ್ಟಿಸಿದ ಇಟಾಲಿಯನ್ನರು ‘ಫಿಲೇನಿ ಸಹೋದರರ ಕಮಾನು’ ಎಂದು ಕರೆದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಸೈನಿಕರು ಲಂಡನ್ನಿನ ನೆನಪಿನಲ್ಲಿ ‘ಮಾರ್ಬಲ್ ಆರ್ಚ್’ ಎಂದರು. ಅದು ಅಮೃತಶಿಲೆಯದಲ್ಲ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ಸ್ಥಳೀಯ ಅರಬರ ಬಾಯಲ್ಲಿ ಅದು ಬರಿಯ ‘ಅಲ್-ಕೌಸ್’, ಅಂದರೆ ಕಮಾನು.

ಫಿಲೇನಿ ಸಹೋದರರು ಯಾರು? ರೋಮನ್ ಇತಿಹಾಸಕಾರ ಸಾಲಸ್ಟ್ ಹೇಳುವ ಕಥೆ ಇದು. ಕಾರ್ಥೇಜ್ ಮತ್ತು ಸಿರೀನ್ ನಗರಗಳ ನಡುವೆ ಗಡಿ ಜಗಳ. ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಜನ ಹೊರಡಬೇಕು, ಎಲ್ಲಿ ಎದುರಾಗುತ್ತಾರೋ ಅಲ್ಲಿ ಗಡಿ ಎಂದು ಒಪ್ಪಂದವಾಯಿತು. ಕಾರ್ಥೇಜಿನ ಇಬ್ಬರು ಸಹೋದರರು ಬಹಳ ದೂರ ಬಂದುಬಿಟ್ಟರು. ಇದು ಮೋಸ ಎಂದರು ಸಿರೀನಿನವರು. ಇಲ್ಲೇ ಗಡಿ ಬೇಕಿದ್ದರೆ ಇಲ್ಲೇ ಜೀವಂತ ಸಮಾಧಿಯಾಗಿ ಎಂಬ ಷರತ್ತು ಬಂತು. ಸಹೋದರರು ಒಪ್ಪಿದರು. ಮಣ್ಣಿನಡಿ ಮಲಗಿದ ಆ ಇಬ್ಬರ ಬೃಹತ್ ಕಂಚಿನ ವಿಗ್ರಹಗಳನ್ನು ಕಮಾನಿನ ಮೇಲ್ಭಾಗದಲ್ಲಿ ಇರಿಸಲಾಗಿತ್ತು.

ಈ ಕಥೆಯನ್ನೇ ಆರಿಸಿಕೊಂಡದ್ದರಲ್ಲಿ ಒಂದು ಜಾಣತನವಿದೆ. ಕಮಾನು ನಿಂತಿದ್ದ ಜಾಗ ತ್ರಿಪೋಲಿತಾನಿಯಾ ಮತ್ತು ಸಿರೆನೈಕಾ ಪ್ರಾಂತಗಳ ಗಡಿ. 1934ರಲ್ಲಿ ಇಟಲಿ ಅವೆರಡನ್ನೂ ಬೆಸೆದು ಲಿಬಿಯಾ ಎಂದು ಹೆಸರಿಟ್ಟಿತು. ಗವರ್ನರ್ ಇಟಾಲೊ ಬಾಲ್ಬೊ ಟುನೀಷಿಯಾ ಗಡಿಯಿಂದ ಈಜಿಪ್ಟ್ ಗಡಿಯವರೆಗೆ 1,822 ಕಿಲೋಮೀಟರ್ ಉದ್ದದ ಕರಾವಳಿ ರಸ್ತೆಯನ್ನು ಪೂರ್ಣಗೊಳಿಸಿದ. ಕಮಾನಿನ ವಿನ್ಯಾಸ ವಾಸ್ತುಶಿಲ್ಪಿ ಫ್ಲೊರೆಸ್ತಾನೊ ದಿ ಫೌಸ್ತೊನದು. ನೆತ್ತಿಯ ಮೇಲೆ ರೋಮ್ ನಗರವನ್ನು ಹೊಗಳುವ ಹೊರೇಸ್ ಕವಿಯ ಲ್ಯಾಟಿನ್ ಸಾಲು. ಒಳಗೋಡೆಗಳಲ್ಲಿ ಉಬ್ಬುಶಿಲ್ಪಗಳು: ಒಂದರಲ್ಲಿ ರಸ್ತೆ ಕಟ್ಟುವ ಕೂಲಿಗಳು, ಇನ್ನೊಂದರಲ್ಲಿ ಸಾಮ್ರಾಜ್ಯದ ಘೋಷಣೆ. ಎರಡು ಸಾವಿರ ವರ್ಷಗಳ ಹಿಂದೆ ಬಿಟ್ಟುಹೋದ ಮನೆಗೆ ಒಡೆಯ ಮರಳಿ ಬಂದಿದ್ದಾನೆ, ನಡುವೆ ಬದುಕಿದ ಅರಬರೂ ಬರ್ಬರರೂ ಬಾಡಿಗೆದಾರರು ಮಾತ್ರ ಎಂಬುದು ಅದರ ಅರ್ಥವಾಗಿತ್ತು.

ಮಾರ್ಚ್ 1937ರಲ್ಲಿ ಮುಸೋಲಿನಿ ಸ್ವತಃ ಬಂದು ಉದ್ಘಾಟಿಸಿದ. ಅದೇ ಪ್ರವಾಸದಲ್ಲಿ ತ್ರಿಪೋಲಿಯ ಬಳಿ ಕುದುರೆಯ ಮೇಲೆ ಕುಳಿತು ‘ಇಸ್ಲಾಮಿನ ಖಡ್ಗ’ವನ್ನು ಸ್ವೀಕರಿಸಿ, ತಾನು ಮುಸ್ಲಿಮರ ರಕ್ಷಕನೆಂದು ಸಾರಿದ. ಆ ಖಡ್ಗ ತಯಾರಾದದ್ದು ಇಟಲಿಯ ಫ್ಲಾರೆನ್ಸಿನಲ್ಲಿ! ಮುಸ್ಲಿಮರ ರಕ್ಷಕ ಎಂಬ ಬಿರುದನ್ನು ತಾವೇ ಮಾಡಿಸಿ ತಾವೇ ತೊಟ್ಟುಕೊಳ್ಳುವವರ ಸಾಲು ಉದ್ದವಿದೆ. ಅದರಲ್ಲಿ ಇಷ್ಟು ನಿರ್ಲಜ್ಜ ಉದಾಹರಣೆ ಅಪರೂಪ.

ಏಕೆಂದರೆ ಅದಕ್ಕೆ ಏಳೇ ವರ್ಷ ಹಿಂದೆ, 1930ರಲ್ಲಿ, ಇದೇ ಮುಸೋಲಿನಿಯ ಸೇನೆ ಸಿರೆನೈಕಾದ ಜಬಲ್ ಅಲ್-ಅಖ್ದರ್ ಗುಡ್ಡಗಾಡಿನ ಬುಡಕಟ್ಟುಗಳನ್ನು ಹೆಂಗಸರು, ಮಕ್ಕಳು, ಜಾನುವಾರುಗಳ ಸಮೇತ ಎಬ್ಬಿಸಿ ಮರುಭೂಮಿಯ ಮುಳ್ಳುತಂತಿಯೊಳಗೆ ನೂಕಿತ್ತು. ಉಮರ್ ಮುಖ್ತಾರರ ಹೋರಾಟಗಾರರಿಗೆ ಊಟ, ಆಶ್ರಯ ಸಿಗದಂತೆ ಮಾಡುವುದು ಉದ್ದೇಶ. ಇಡೀ ಜನತೆ ನಾಶವಾದರೂ ಸರಿ, ಈ ಕೆಲಸ ಆಗಲೇಬೇಕು ಎಂಬರ್ಥದ ಪತ್ರವನ್ನು ಗವರ್ನರ್ ಬದೋಲ್ಯೊ ಬರೆದ. ಜನರಲ್ ಗ್ರಾತ್ಸಿಯಾನಿ ಜಾರಿಗೆ ತಂದ. ಸುಮಾರು ಒಂದು ಲಕ್ಷ ಜನ ಶಿಬಿರಗಳಿಗೆ ಹೋದರು. ಅಲ್ಲಿ ಹಸಿವು, ರೋಗ, ಗಲ್ಲುಗಳಿಗೆ ಬಲಿಯಾದವರ ಲೆಕ್ಕ ಇತಿಹಾಸಕಾರರಲ್ಲಿ 40 ಸಾವಿರದಿಂದ 70 ಸಾವಿರದವರೆಗೆ ಬೇರೆಬೇರೆಯಾಗಿದೆ. 1931ರ ಸೆಪ್ಟೆಂಬರ್ 16ರಂದು ಸುಲೂಕ್ ಶಿಬಿರದಲ್ಲಿ, ಹಿಡಿದು ತಂದ ಬಂದಿಗಳ ಕಣ್ಣೆದುರೇ, ಎಪ್ಪತ್ತು ದಾಟಿದ ಉಮರ್ ಮುಖ್ತಾರರನ್ನು ಗಲ್ಲಿಗೇರಿಸಲಾಯಿತು.

ಹೋರಾಟಗಾರರ ಬಂಧುಬಳಗವನ್ನು ಕೂಡಿಹಾಕಿದ್ದ ಅತಿ ಕ್ರೂರ ಶಿಬಿರ ಅಲ್-ಅಘೈಲಾ. ಅದಿದ್ದದ್ದು ಎಲ್ಲಿ? ಕಮಾನನ್ನು ದಾಟಿ ಅದೇ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಹೆಚ್ಚು ದೂರವಿಲ್ಲದ ಕಡೆ. ಉಬ್ಬುಶಿಲ್ಪದಲ್ಲಿ ರಸ್ತೆ ಕೂಲಿಗಳಿದ್ದರು, ಅಘೈಲಾ ಇರಲಿಲ್ಲ. ಎರಡು ಸಾವಿರ ವರ್ಷ ಹಿಂದೆ ಜೀವಂತ ಹೂಳಲ್ಪಟ್ಟ ಇಬ್ಬರಿಗೆ ಕಂಚಿನ ವಿಗ್ರಹ. ಆರೇಳು ವರ್ಷ ಹಿಂದೆ ಅದೇ ಮರಳಿನಲ್ಲಿ ಹೂಳಲ್ಪಟ್ಟವರಿಗೆ ಒಂದು ಕಲ್ಲೂ ಇಲ್ಲ. ಆ ಕಮಾನನ್ನು ಕಲೆಯೆಂದು ಹೊಗಳುವವರು ಈ ದೂರವನ್ನೊಮ್ಮೆ ಅಳೆದು ನೋಡಬೇಕು.

ಜಗತ್ತಿಗೆ ಇದು ತಿಳಿದಿರಲಿಲ್ಲವೇ? ಇಸ್ಲಾಮ್ ಸ್ವೀಕರಿಸಿದ್ದ ಡೆನ್ಮಾರ್ಕಿನ ಪತ್ರಕರ್ತ ಕ್ನುದ್ ಹೋಲ್ಮ್ಬೊ 1930ರಲ್ಲಿ ಕಾರಿನಲ್ಲಿ ಲಿಬಿಯಾವನ್ನು ದಾಟಿ, ಕಂಡದ್ದನ್ನು ಪುಸ್ತಕವಾಗಿ ಬರೆದ. ಇಟಲಿ ಅದನ್ನು ನಿಷೇಧಿಸಿತು. ಮುಹಮ್ಮದ್ ಅಸದ್ ತಮ್ಮ ‘ದಿ ರೋಡ್ ಟು ಮಕ್ಕಾ’ದಲ್ಲಿ ಉಮರ್ ಮುಖ್ತಾರರನ್ನು ಭೇಟಿಯಾದ ಕಥೆ ಹೇಳಿದ್ದಾರೆ. ಇತ್ತ ನಮ್ಮ ದೇಶದ ಕಡೆ ನೋಡಿದರೆ ಇರಿಸುಮುರಿಸಾಗುತ್ತದೆ. 1911ರಲ್ಲಿ ಇಟಲಿ ತ್ರಿಪೋಲಿಯ ಮೇಲೆರಗಿದಾಗ ಭಾರತದ ಮುಸ್ಲಿಮರು ಕಣ್ಣೀರಿಟ್ಟಿದ್ದರು; ಅಲ್ಲಿ ಗಾಯಾಳುಗಳಿಗೆ ನೀರುಣಿಸುತ್ತಾ ಮಡಿದ ಫಾತಿಮಾ ಬಿಂತ್ ಅಬ್ದುಲ್ಲಾಳ ಮೇಲೆ ಇಕ್ಬಾಲ್ ಪದ್ಯ ಬರೆದಿದ್ದರು. ಅದೇ ಇಕ್ಬಾಲ್ 1931ರ ನವೆಂಬರಿನಲ್ಲಿ, ಉಮರ್ ಮುಖ್ತಾರರ ಗಲ್ಲಿನ ಎರಡೇ ತಿಂಗಳ ನಂತರ, ರೋಮಿನಲ್ಲಿ ಮುಸೋಲಿನಿಯನ್ನು ಕಂಡು, ಅವನನ್ನು ಮೆಚ್ಚಿ ಪದ್ಯ ಬರೆದರು. ಅವರಿಗಿಂತ ಮೊದಲೇ, 1926ರಲ್ಲಿ, ಟಾಗೋರರೂ ಅವನ ಆತಿಥ್ಯ ಸ್ವೀಕರಿಸಿದ್ದರು, ಬಳಿಕ ಎಚ್ಚೆತ್ತು ಟೀಕಿಸಿದರು. ಮಹಾಕವಿಗಳನ್ನು ಹಗುರವಾಗಿ ಕಾಣಲು ಇದನ್ನು ಹೇಳುತ್ತಿಲ್ಲ. ಕಮಾನುಗಳು ಯಾರ ಕಣ್ಣನ್ನೂ ಕೋರೈಸಬಲ್ಲವು.

1973ರಲ್ಲಿ ಗದ್ದಾಫಿ ಸರಕಾರ ಕಮಾನನ್ನು ಸಿಡಿಮದ್ದಿಟ್ಟು ಉರುಳಿಸಿತು. ಕಂಚಿನ ಸಹೋದರರನ್ನೂ ಕೆಲವು ಶಿಲ್ಪಗಳ ತುಂಡುಗಳನ್ನೂ ಸಿರ್ತ್ ಸಮೀಪದ ಸುಲ್ತಾನ್ ಎಂಬಲ್ಲಿಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ತಂದೆತಾಯಿಗಳನ್ನು ಶಿಬಿರದಲ್ಲಿ ಕಳೆದುಕೊಂಡವರು ನಿತ್ಯ ಆ ಕಮಾನಿನಡಿ ಹಾದುಹೋಗಬೇಕೆಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಕೆಡವಿದವನ ಲೆಕ್ಕಾಚಾರವನ್ನು ಪ್ರಶ್ನಿಸಬಹುದು. ವಿಜೇತನ ಕಮಾನನ್ನು ಕೆಡವಿದ ಇದೇ ಗದ್ದಾಫಿ 2000ದಲ್ಲಿ ಬೆಂಗಾಝಿ ನಗರದ ಮಧ್ಯದಲ್ಲಿದ್ದ ಉಮರ್ ಮುಖ್ತಾರರ ಸಮಾಧಿಯನ್ನೂ ತೆಗೆಸಿ, ಅವರ ಅವಶೇಷಗಳನ್ನು ದೂರದ ಸುಲೂಕಿಗೆ ಕಳಿಸಿದ. ಬೆಂಗಾಝಿಯ ಜನ ತನ್ನ ವಿರುದ್ಧ ಸೇರಲು ಆ ಸಮಾಧಿ ನೆಪವಾದೀತೆಂಬ ಭಯವಲ್ಲದೆ ಇದಕ್ಕೆ ಬೇರೆ ಕಾರಣ ನಮಗೆ ಕಾಣುವುದಿಲ್ಲ. ಹುತಾತ್ಮರು ಸಿನಿಮಾದಲ್ಲಿದ್ದರೆ ಚೆನ್ನ, ಊರ ನಡುವೆ ಇದ್ದರೆ ತೊಂದರೆ.

ಸಿನಿಮಾ ಎಂದಾಗ ‘ಲಯನ್ ಆಫ್ ದಿ ಡೆಸರ್ಟ್’ ನೆನಪಾಗುತ್ತದೆ. ಮುಸ್ತಫಾ ಅಕ್ಕಾದ್ ನಿರ್ದೇಶಿಸಿದ 1981ರ ಈ ಚಿತ್ರವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಹಣ ಗದ್ದಾಫಿಯದು, ನಿಜ. ಆದರೂ ಆ ಶಿಬಿರಗಳನ್ನು ಜಗತ್ತಿನ ತೆರೆಗೆ ತಂದ ಕೀರ್ತಿ ಅದಕ್ಕಿದೆ. ಇಟಲಿ 1982ರಲ್ಲಿ ಅದರ ಪ್ರದರ್ಶನವನ್ನು ತಡೆಯಿತು. 2009ರಲ್ಲಿ ಗದ್ದಾಫಿ ಉಮರ್ ಮುಖ್ತಾರರ ಬಂಧನದ ಚಿತ್ರವನ್ನು ಎದೆಗೆ ಚುಚ್ಚಿಕೊಂಡು ರೋಮಿಗೆ ಇಳಿದಾಗಲಷ್ಟೇ ಅಲ್ಲಿನ ಟಿವಿಯಲ್ಲಿ ಅದು ಬಂತು.

ಅದರ ಹಿಂದಿನ ವರ್ಷ, 2008ರ ಆಗಸ್ಟಿನಲ್ಲಿ, ಬೆಂಗಾಝಿಯಲ್ಲಿ ಬರ್ಲುಸ್ಕೋನಿ ಕ್ಷಮೆ ಕೇಳಿ ಒಪ್ಪಂದಕ್ಕೆ ಸಹಿ ಹಾಕಿದ್ದ. 20 ವರ್ಷಗಳಲ್ಲಿ 500 ಕೋಟಿ ಡಾಲರ್ ಪರಿಹಾರ. ಆ ಹಣದಲ್ಲಿ ಮುಖ್ಯವಾಗಿ ಏನು ಕಟ್ಟುವುದು? ಟುನೀಷಿಯಾ ಗಡಿಯಿಂದ ಈಜಿಪ್ಟ್ ಗಡಿಯವರೆಗೆ ಕರಾವಳಿ ಹೆದ್ದಾರಿ! ಬಾಲ್ಬೊನ ರಸ್ತೆಯೇ ಹೊಸ ಉಡುಪಿನಲ್ಲಿ ಬಂತು, ಗುತ್ತಿಗೆ ಮತ್ತೆ ಇಟಲಿಯ ಕಂಪೆನಿಗಳಿಗೆ. ಅದೇ ಒಪ್ಪಂದದ ಇನ್ನೊಂದು ಕಲಮು ಆಫ್ರಿಕಾದ ವಲಸಿಗರನ್ನು ತಡೆಯುವುದು. ಮರುವರ್ಷವೇ ಸಮುದ್ರದಲ್ಲಿ ಸಿಕ್ಕವರನ್ನು ಇಟಲಿಯ ನೌಕೆಗಳು ಲಿಬಿಯಾಕ್ಕೆ ಮರಳಿಸಿದವು. ಅದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. ಹಳೆಯ ಶಿಬಿರಗಳಿಗೆ ಪರಿಹಾರ ಕೊಡುವ ಕಾಗದದಲ್ಲೇ ಹೊಸ ಬಂದಿಗಳ ವ್ಯವಸ್ಥೆಯೂ ಆಗಿತ್ತು. ಅದೇ 2012ರಲ್ಲಿ ರೋಮಿನ ಪೂರ್ವಕ್ಕಿರುವ ಅಫಿಲೆ ಎಂಬ ಊರಿನಲ್ಲಿ ಸಾರ್ವಜನಿಕ ಹಣದಿಂದ ಒಂದು ಸ್ಮಾರಕ ಎದ್ದಿತು. ಯಾರಿಗೆ? ಗ್ರಾತ್ಸಿಯಾನಿಗೆ.

ಲಿಬಿಯಾ ಮೂಲದ ವಿದ್ವಾಂಸ ಅಲಿ ಅಬ್ದುಲ್ಲತೀಫ್ ಅಹ್ಮಿದಾ ವರ್ಷಗಟ್ಟಲೆ ಅಲೆದು, ಶಿಬಿರಗಳಿಂದ ಬದುಕಿ ಬಂದವರ ಮಾತುಗಳನ್ನು ಕಲೆಹಾಕಿ 2020ರಲ್ಲಿ ಪುಸ್ತಕ ತಂದರು. ಬದುಕುಳಿದವರು ಆ ಕಾಲವನ್ನು ‘ಶರ್’, ಅಂದರೆ ಕೇಡು, ಎಂದಷ್ಟೇ ಕರೆಯುತ್ತಿದ್ದರಂತೆ. ಅಘೈಲಾದ ಬಂದಿಯಾಗಿದ್ದ ರಜಬ್ ಬುಹ್ವೈಶ್ ಎಂಬ ಕವಿ ಆ ಶಿಬಿರದ ಸಂಕಟವನ್ನು ಕುರಿತು ಒಂದು ದೀರ್ಘ ಪದ್ಯ ಕಟ್ಟಿದ್ದ. ಅದು ಬಾಯಿಂದ ಬಾಯಿಗೆ ದಾಟಿತು. ಅವನ ನಾಡಿನ ಜನ ಅದನ್ನು ಕಂಠಪಾಠವಾಗಿ ಉಳಿಸಿಕೊಂಡಿದ್ದಾರೆ.