ಪೋಲಿ ಹಾಡಿಗೆ ಜವಾಬು ಎಲ್ಲಿ?

ನಂದಿನಿ ಲೇಔಟಿಗೆ ದಾರಿ ಹೇಳುವುದು ಸುಲಭ. ಕಂಠೀರವ ಸ್ಟುಡಿಯೋ ಎಂದರೆ ಆಟೋದವರು ಮುಂದೆ ಏನನ್ನೂ ಕೇಳುವುದಿಲ್ಲ. 2006ರ ಏಪ್ರಿಲ್‌ನಲ್ಲಿ ರಾಜಕುಮಾರ್ ಅವರನ್ನು ಅಲ್ಲಿ ಮಣ್ಣು ಮಾಡಿದ ಮೇಲೆ ಅದು ಬರೀ ಸ್ಟುಡಿಯೋ ಆಗಿ ಉಳಿಯಲಿಲ್ಲ. 2021ರಲ್ಲಿ ಪುನೀತ್ ಅವರೂ ತಂದೆ ತಾಯಿಯ ಹತ್ತಿರವೇ ಬಂದು ಮಲಗಿದರು. ಹೀಗೆ ನಮ್ಮ ಬಡಾವಣೆಗೆ ಒಂದು ಮರ್ಯಾದೆಯ ನೆರೆ ಸಿಕ್ಕಿದೆ. ತೆರೆಯ ಮೇಲೆ ಕುಡಿಯದ, ಸೇದದ, ಅಚ್ಚ ಕನ್ನಡ ಆಡುತ್ತಿದ್ದ ನಾಯಕನ ನೆರೆ.

ಆದರೆ ನಮ್ಮ ಕಿವಿಗಳು ಅಷ್ಟು ಮರ್ಯಾದಸ್ಥ ಕಿವಿಗಳಲ್ಲ. 1999ರ ಕೊನೆಯ ತಿಂಗಳುಗಳಲ್ಲಿ ಈ ರಸ್ತೆಗಳಲ್ಲಿ ಕ್ಷೌರದ ಅಂಗಡಿ, ಟೈಲರ್ ಅಂಗಡಿ, ಆಟೋ ಸ್ಟ್ಯಾಂಡುಗಳಲ್ಲೆಲ್ಲ ಕೂಗುತ್ತಿದ್ದುದು ಒಂದೇ ಕ್ಯಾಸೆಟ್. ಅದು ಉಪೇಂದ್ರ ಬರೆದು, ನಿರ್ದೇಶಿಸಿ, ನಟಿಸಿದ ‘ಉಪೇಂದ್ರ’ ಚಿತ್ರದ್ದು. ಸಂಗೀತ ಗುರುಕಿರಣ್ ಅವರದು. ಗಿಟಾರು, ಡ್ರಮ್ಸು, ಕೇಕೆ, ಬೈಗುಳ, ದ್ವಂದ್ವಾರ್ಥ, ನಡುನಡುವೆ ಇಂಗ್ಲಿಷು. ಬೆಂಗಳೂರನ್ನು ರಾಕ್ ಸಂಗೀತದ ಊರು ಎನ್ನುವವರು ಸಾಮಾನ್ಯವಾಗಿ ದಂಡು ಪ್ರದೇಶವನ್ನು, ಅರಮನೆ ಮೈದಾನವನ್ನು, 2007ರಲ್ಲಿ ಅಲ್ಲಿ ಹಾಡಿ ಹೋದ ಐರನ್ ಮೇಡನ್ ತಂಡವನ್ನು ನೆನೆಯುತ್ತಾರೆ. ಆ ಟಿಕೆಟ್ಟಿನ ಬೆಲೆ ನಮ್ಮ ಜೇಬಿನದಾಗಿರಲಿಲ್ಲ. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸಿಗೂ ಹೋಗಿ ಬರುತ್ತಿದ್ದ ಈ ಕಡೆಯ ಜನಕ್ಕೆ ರಾಕ್ ಬಂದದ್ದು ಸಿನಿಮಾ ಕ್ಯಾಸೆಟ್ಟಿನ ಮೂಲಕ, ಕನ್ನಡದಲ್ಲಿ, ಅದೂ ಪೋಲಿ ವೇಷದಲ್ಲಿ. ಆ ಕ್ಯಾಸೆಟ್ಟನ್ನು ನಾವು ಇಷ್ಟಪಟ್ಟೆವು. ಈ ಮಾತನ್ನು ಮೊದಲೇ ಒಪ್ಪಿಕೊಳ್ಳದೆ ಮುಂದಿನದನ್ನು ಬರೆಯುವುದು ಆತ್ಮವಂಚನೆಯಾದೀತು.

ಯಾಕೆ ಇಷ್ಟಪಟ್ಟೆವು? ಮಡಿವಂತರು ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ: ಅಶ್ಲೀಲಕ್ಕೆ ಯಾವಾಗಲೂ ಗಿರಾಕಿಗಳಿರುತ್ತಾರೆ. ಈ ಉತ್ತರ ಸಾಲದು ಎಂದು ನಮಗೆ ತಿಳಿದದ್ದು ಒಂದು ಮದುವೆ ಮನೆಯಲ್ಲಿ.

ಅದೇ ಚಳಿಗಾಲ. ಹಲ್ದಿಯ ರಾತ್ರಿ. ಹುಡುಗರು ಅಂಗಳದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಇದೇ ಕ್ಯಾಸೆಟ್ಟನ್ನು ಜೋರಾಗಿ ಹಾಕಿದ್ದರು. ಒಳಗಿನಿಂದ ಬಂದ ನಾನಿಮಾ ಮುಖ ಗಂಟಿಕ್ಕಿಕೊಂಡು ಅದನ್ನು ನಿಲ್ಲಿಸಿದರು. ‘ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದೇನು’ ಎಂದು ಗದರಿದರು. ಹುಡುಗರು ತಲೆ ತಗ್ಗಿಸಿದರು. ಅರ್ಧ ಗಂಟೆಯಲ್ಲಿ ಒಳಗೆ ಢೋಲಕ್ ಶುರುವಾಯಿತು. ಗಂಡಿನ ಕಡೆಯ ಬೀಗಿತ್ತಿಯ ನಡುವು, ನಡಿಗೆ, ಅವಳ ಗಂಡನ ಕೈಲಾಗದತನ, ಮದುಮಗನ ಮೊದಲ ರಾತ್ರಿಯ ಪೇಚು ಇವೆಲ್ಲ ದಖನಿಯಲ್ಲಿ ಒಂದೊಂದೇ ಹಾಡಾಗಿ ಹೊರಬಂದವು. ಕ್ಯಾಸೆಟ್ಟು ಇವುಗಳ ಮುಂದೆ ಪ್ರಾಥಮಿಕ ಶಾಲೆಯ ಮಗ್ಗಿ. ಹಾಡಿನ ಮುಂದಾಳು ಬೇರೆ ಯಾರೂ ಅಲ್ಲ, ನಾನಿಮಾ!

ನಾವು ಆ ರಾತ್ರಿ ನಕ್ಕು ಸುಮ್ಮನಾದೆವು. ಅವರನ್ನು ಸೋಗಲಾಡಿ ಎಂದು ಚುಡಾಯಿಸಿದ್ದೂ ಉಂಟು. ಇಷ್ಟು ವರ್ಷಗಳ ಮೇಲೆ ಅನಿಸುತ್ತಿದೆ, ನಾನಿಮಾ ಮಾಡಿದ್ದು ಸೋಗಲ್ಲ, ವಿಮರ್ಶೆ.

ಇದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡಕ್ಕೆ ಪೋಲಿತನ ಪರದೇಶದಿಂದ ಬಂದದ್ದಲ್ಲ. ಉತ್ತರ ಕರ್ನಾಟಕದ ಕಾಮಣ್ಣನ ಹಬ್ಬದಲ್ಲಿ ಬಾಯಿ ಬಡಿದುಕೊಂಡು ಆಡುವ ಮಾತುಗಳನ್ನು ಅಚ್ಚು ಹಾಕಲಾಗದು. ಮದುವೆಗಳ ಬೀಗರ ಹಾಡುಗಳೂ ಅಂಥವೇ. ಕನ್ನಡದ ನಡುವೆ ಇಂಗ್ಲಿಷ್ ತುರುಕಿ ನಗಿಸುವುದೂ ಹೊಸದಲ್ಲ. 1946ರಲ್ಲಿ ತೀರಿಕೊಂಡ ಕೈಲಾಸಂ ಅದನ್ನು ಬಹಳ ಹಿಂದೆಯೇ ಮಾಡಿದ್ದರು. ಅವರ ‘ಕೋಳೀಕೆ ರಂಗ’ ಒಂದು ಇಂಗ್ಲಿಷ್ ಹಾಡಿನ ಧಾಟಿಯ ಮೇಲೆ ಕಟ್ಟಿದ ತಮಾಷೆ. ದಖನಿಯಲ್ಲಿ ಗುಲ್ಬರ್ಗದ ಸುಲೈಮಾನ್ ಖತೀಬ್ ಅತ್ತೆ ಸೊಸೆಯರ ಜಗಳದಿಂದ ಮುಶಾಯಿರಾಗಳನ್ನು ನಗಿಸಿದವರು. ನಗುವಿನ ಬಡತನ ನಮಗೆ ಎಂದೂ ಇರಲಿಲ್ಲ.

ಬಡತನ ಇದ್ದದ್ದು ಸಿನಿಮಾದ ನಾಯಕನಿಗೆ. ನಮ್ಮ ಹಳೆಯ ಚಿತ್ರಗಳಲ್ಲಿ ಒಂದು ಕೆಲಸದ ಹಂಚಿಕೆ ಇತ್ತು. ನಾಯಕ ಪ್ರೀತಿಯನ್ನೂ ತತ್ವವನ್ನೂ ಹಾಡುತ್ತಿದ್ದ. ತುಂಟತನ ಹಾಸ್ಯನಟನ ಪಾಲಿಗೆ. ಕಾಮ ಕ್ಯಾಬರೆಯ ಹೆಣ್ಣಿನ ಪಾಲಿಗೆ, ಅದಕ್ಕೆ ಎಲ್.ಆರ್. ಈಶ್ವರಿ ಅವರ ದನಿ. ಹೀಗೆ ಹೊಲಸನ್ನು ಮನೆಯ ಹಿತ್ತಿಲಲ್ಲಿಟ್ಟು ಪಡಸಾಲೆಯನ್ನು ಚೊಕ್ಕಟವಾಗಿ ಇಡಲಾಗಿತ್ತು. ನಾಯಕನ ಬಾಯಿಗೆ ಬೀದಿಯ ಮಾತನ್ನು ತಂದವರಲ್ಲಿ ಹಂಸಲೇಖ ಮುಖ್ಯರು. 1987ರ ‘ಪ್ರೇಮಲೋಕ’ದ ಹಾಡುಗಳಲ್ಲಿ ಕಾಲೇಜು ಹುಡುಗರು ನಿಜವಾಗಿ ಮಾತಾಡುವ ಹಾಗೆ ಮಾತಾಡಿದರು. ಆದರೆ ಅಲ್ಲಿಯೂ ಕೊನೆಗೆ ಪ್ರೇಮವೇ ದೇವರು. ಉಪೇಂದ್ರ ಹಿತ್ತಿಲಿನ ಬಾಗಿಲನ್ನೇ ಕಿತ್ತುಹಾಕಿದರು. 1992ರಲ್ಲಿ ನಿರ್ದೇಶಕರಾಗಿ ಅವರ ಮೊದಲ ಚಿತ್ರದ ಹೆಸರೇ ‘ತರ್ಲೆ ನನ್ ಮಗ’. 1998ರ ‘ಎ’ ಚಿತ್ರದಲ್ಲಿ ಗುರುಕಿರಣ್ ಜೊತೆಯಾದರು, ಅದು ಅವರ ಸಂಗೀತದ ಮೊದಲ ಚಿತ್ರ. ಮರುವರ್ಷದ ‘ಉಪೇಂದ್ರ’ದಲ್ಲಿ ಹಾಸ್ಯನಟ, ಖಳ, ಪ್ರೇಮಿ, ತತ್ವಜ್ಞಾನಿ ಎಲ್ಲರೂ ಒಬ್ಬನೇ ನಾಯಕನ ಗಂಟಲಿನಲ್ಲಿ ಸೇರಿಕೊಂಡರು.

ನಮ್ಮಂಥವರಿಗೆ ಸಿಕ್ಕಿದ ಖುಷಿ ಇದೇ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು, ರೇಡಿಯೋದಲ್ಲಿ ಮತ್ತೊಂದು ಎಂದು ಹರಿದು ಹಂಚಿಹೋಗಿದ್ದ ನಮಗೆ ಯಾರೋ ಒಬ್ಬರು ಮೈಕಿನ ಮುಂದೆ ನಮ್ಮ ಬೀದಿಯಂತೆಯೇ ಕೂಗಿದರು. ಶುದ್ಧ ಕನ್ನಡ ಬರುವುದಿಲ್ಲ ಎಂದು ನಾಚಿಕೊಳ್ಳುತ್ತಿದ್ದವರಲ್ಲಿ ನಾವು ಮುಸ್ಲಿಮರು ಮೊದಲಿಗರು. ‘ನಿಮ್ಮ ಕನ್ನಡ ಪರವಾಗಿಲ್ಲವಲ್ಲ’ ಎಂಬ ಹೊಗಳಿಕೆಯ ಮುಳ್ಳು ನಮ್ಮಲ್ಲಿ ಯಾರಿಗೆ ಚುಚ್ಚಿಲ್ಲ? ಈ ಕ್ಯಾಸೆಟ್ಟಿನ ಮುಂದೆ ಯಾರ ಕನ್ನಡವೂ ಕಡಿಮೆಯಾಗಿರಲಿಲ್ಲ. ಅಲ್ಲಿ ಎಲ್ಲರೂ ಕಲಬೆರಕೆಯೇ. ‘ಎಂ.ಟಿ.ವಿ. ಸುಬ್ಬುಲಕ್ಷ್ಮಿ’ ಎಂಬ ಹೆಸರನ್ನೇ ನೋಡಿ. ಎಂ.ಟಿ.ವಿ. ಇಂಡಿಯಾ ಶುರುವಾದದ್ದು 1996ರಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ ಭಾರತರತ್ನ ಬಂದದ್ದು 1998ರಲ್ಲಿ. ಒಂದು ಅಕ್ಷರವನ್ನು ಪಲ್ಲಟ ಮಾಡಿ ಜಾಗತೀಕರಣವನ್ನೂ ಶಾಸ್ತ್ರೀಯತೆಯನ್ನೂ ಒಂದೇ ಹುಡುಗಿಯ ತಲೆಗೆ ಕಟ್ಟಿದ ಆ ಚೇಷ್ಟೆಯಲ್ಲಿ ಬುದ್ಧಿವಂತಿಕೆ ಇದೆ. ಎಷ್ಟೋ ಗಂಭೀರ ಪ್ರಬಂಧಗಳಿಗೆ ಆಗದ್ದನ್ನು ಆ ಹೆಸರು ಮಾಡಿತು.

ಆದರೆ ತಲೆಗೆ ಕಟ್ಟಿಸಿಕೊಂಡದ್ದು ಹುಡುಗಿಯೇ ಎಂಬುದನ್ನು ಆಗ ನಾವು ಗಮನಿಸಲಿಲ್ಲ.

ಉಪ್ಪಿನ ಹಾಡನ್ನೂ ಹೀಗೇ ಮತ್ತೆ ಕೇಳಬೇಕು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಹಾಡು ಅದರ ಮೊದಲ ಅರ್ಧವನ್ನು ಎತ್ತಿಕೊಳ್ಳುತ್ತದೆ. ಉಪ್ಪು ಅಲ್ಲಿ ನಾಯಕನ ಅಡ್ಡಹೆಸರಾದ ಉಪ್ಪಿ ಆಗುತ್ತದೆ. ಶ್ಲೇಷೆ ಚೆನ್ನಾಗಿದೆ. ಆದರೆ ಗಾದೆಯಲ್ಲಿ ಉಪ್ಪಿನ ಜೊತೆಗಿದ್ದ ತಾಯಿ ನಮ್ಮ ಕಿವಿಯಿಂದ ಜಾರಿಹೋದಳು. ಇನ್ನೊಬ್ಬರನ್ನು ಹೊಗಳಲು ಹುಟ್ಟಿದ ಮಾತು ತನ್ನನ್ನೇ ಹೊಗಳಿಕೊಳ್ಳುವ ಮಾತಾಯಿತು.

‘ಅದು ವ್ಯಂಗ್ಯ ಕಣ್ರೀ’ ಎಂದು ಅಭಿಮಾನಿಗಳು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಚಿತ್ರದ ನಾಯಕನ ಹೆಸರೇ ‘ನಾನು’. ಮನಸ್ಸಿಗೆ ಬಂದದ್ದನ್ನೆಲ್ಲ ಮುಚ್ಚುಮರೆ ಇಲ್ಲದೆ ಆಡಿಬಿಡುವ, ಬೇಕೆನಿಸಿದ್ದಕ್ಕೆಲ್ಲ ಕೈ ಚಾಚುವ ಮನುಷ್ಯ. ಈ ‘ನಾನು’ ಕಳಚಬೇಕು ಎಂಬುದು ಕಥೆಯ ಗುರಿ. ಕನಕದಾಸರ ಐತಿಹ್ಯದಿಂದ ಸೂಫಿಗಳವರೆಗೆ ಈ ನೆಲದಲ್ಲಿ ಎಲ್ಲರೂ ಹೇಳಿದ ಮಾತು ಅದು. ಸಿನಿಮಾವನ್ನು ಪೂರ್ತಿ ನೋಡಿದವನಿಗೆ ಹಾಡುಗಳ ಅಹಂಕಾರ ಒಂದು ರೋಗದ ಲಕ್ಷಣವಾಗಿ ಕಾಣಬಹುದು.

ಆದರೆ ಕ್ಯಾಸೆಟ್ಟಿನಲ್ಲಿ ಕಥೆ ಇರುವುದಿಲ್ಲ. ವಿಷಯದ ಗಂಟು ಇರುವುದು ಇಲ್ಲಿಯೇ. ಸಿನಿಮಾ ಎರಡೂವರೆ ಗಂಟೆ ನಡೆದು ‘ನಾನು’ವಿನ ಲೆಕ್ಕ ಕೇಳುತ್ತದೆ. ಕ್ಯಾಸೆಟ್ಟು ಆ ಲೆಕ್ಕವನ್ನು ಕತ್ತರಿಸಿ ಬಿಸಾಡಿ ಬರೀ ಕೇಕೆಯನ್ನು ಮನೆಗೆ ತರುತ್ತದೆ. ಚಿತ್ರವನ್ನು ನಾವು ಒಂದೆರಡು ಸಲ ನೋಡಿದೆವು, ಹಾಡುಗಳನ್ನು ನೂರಾರು ಸಲ ಕೇಳಿದೆವು. ನೂರಾರು ಸಲ ಕೇಳಿದ ಮೇಲೆ ‘ನಾನು’ ಒಂದು ಪಾತ್ರವಾಗಿ ಉಳಿಯಲಿಲ್ಲ, ನಾವೇ ಆದೆವು. ಬೇರೆಯವನ ರೋಗವನ್ನು ನೋಡಿ ನಗುತ್ತಿದ್ದೇವೆ ಎಂದುಕೊಂಡು ಅದನ್ನು ಗುನುಗುತ್ತ ಗುನುಗುತ್ತ ಅಂಟಿಸಿಕೊಂಡೆವು.

ಅದರ ಬೆಲೆ ತೆತ್ತವರು ಯಾರು? ಈ ರಸ್ತೆಯಲ್ಲಿ ಬೆಳಿಗ್ಗೆ ಬಸ್ ಸ್ಟಾಪಿಗೆ ನಡೆದು ಹೋಗುತ್ತಿದ್ದ ಹುಡುಗಿಯರು. ಗಾರ್ಮೆಂಟ್ಸಿನ ಹುಡುಗಿ, ಕಾಲೇಜಿನ ಹುಡುಗಿ, ಬುರ್ಖಾ ತೊಟ್ಟ ನಮ್ಮದೇ ಮನೆಯ ಹುಡುಗಿ. ಯಾರು ಹಾದುಹೋದರೂ ಆಟೋ ಸ್ಟ್ಯಾಂಡಿನಿಂದ ಒಂದು ಸಾಲು ತೂರಿ ಬರುತ್ತಿತ್ತು. ಹಾಡು ತಾನೇ, ಯಾರನ್ನೂ ಬೈದಿಲ್ಲವಲ್ಲ ಎಂಬ ರಕ್ಷಣೆ ಹಾಡಿದವನಿಗೆ ಇತ್ತು. ಕೇಳಿಸಿಕೊಂಡವಳಿಗೆ ತಲೆ ತಗ್ಗಿಸಿ ನಡೆಯುವುದೊಂದೇ ದಾರಿ. ನಾವು ಸಾಲನ್ನು ತೂರಿದವರಲ್ಲದಿರಬಹುದು. ಪಕ್ಕದಲ್ಲಿ ನಿಂತು ನಕ್ಕವರಲ್ಲಿ ಇದ್ದೆವು.

ಈಗ ನಾನಿಮಾ ಅವರ ವಿಮರ್ಶೆಗೆ ಬರೋಣ. ಢೋಲಕ್ ಹಾಡಿನ ಪೋಲಿತನ ಕ್ಯಾಸೆಟ್ಟಿನದಕ್ಕಿಂತ ಕಮ್ಮಿಯದಲ್ಲ. ಆದರೆ ಅದಕ್ಕೆ ಎರಡು ಕಡೆಗಳಿವೆ. ಹೆಣ್ಣಿನ ಕಡೆಯವರು ಬೀಗಿತ್ತಿಯನ್ನು ಚುಡಾಯಿಸಿದರೆ ಬೀಗಿತ್ತಿ ಎದುರಿಗೇ ಕೂತಿರುತ್ತಾಳೆ. ಢೋಲಕ್ ಅವಳ ಕೈಗೂ ಹೋಗುತ್ತದೆ. ಅವಳ ಜವಾಬು ಇನ್ನೂ ಖಾರವಾಗಿರುತ್ತದೆ. ಹಾಡು ಮುಗಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಉತ್ತರ ಕರ್ನಾಟಕದ ಲಾವಣಿಯಲ್ಲಿ ಇದೇ ಕ್ರಮ ಒಂದು ಶಾಸ್ತ್ರವಾಗಿ ಬೆಳೆದಿದೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಸವಾಲಿಗೆ ಜವಾಬು ಇಲ್ಲದಿದ್ದರೆ ಮೇಳವೇ ಇಲ್ಲ.

ರಾಕ್ ಸಂಗೀತದ ತವರಿನಲ್ಲೂ ಇದಕ್ಕೊಂದು ಸಾಕ್ಷಿ ಉಂಟು. ಆ ಸಂಗೀತಕ್ಕೆ ಅಡಿಪಾಯ ಹಾಕಿದ ಚಕ್ ಬೆರಿ ಅಷ್ಟೊಂದು ಹಾಡು ಕಟ್ಟಿದರೂ ಅಮೆರಿಕದ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ಸಿಕ್ಕಿದ್ದು ಒಂದೇ ಒಂದು ಹಾಡಿಗೆ: 1972ರ ‘ಮೈ ಡಿಂಗ್-ಎ-ಲಿಂಗ್’. ಅದು ಶುದ್ಧ ಪೋಲಿ ತಮಾಷೆ. ಬ್ರಿಟನ್ನಿನಲ್ಲಿ ಮೇರಿ ವೈಟ್‌ಹೌಸ್ ಎಂಬ ನೀತಿವಾದಿ ಮಹಿಳೆ ಅದನ್ನು ಬಿ.ಬಿ.ಸಿ.ಯಿಂದ ತೆಗೆಸಲು ಹೋರಾಡಿದರು, ಆಗಲಿಲ್ಲ. ಆ ಧ್ವನಿಮುದ್ರಣ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜನರ ಮುಂದೆಯೇ ಆದದ್ದು. ಅದನ್ನು ಕೇಳಿದರೆ ಬೆರಿ ಸಭೆಯ ಹೆಂಗಸರಿಗೆ ಒಂದು ತುಂಡು, ಗಂಡಸರಿಗೆ ಒಂದು ತುಂಡು ಹಂಚಿ ಹಾಡಿಸುವುದು ಕೇಳಿಸುತ್ತದೆ. ಪೋಲಿತನ ಅಲ್ಲಿ ಒಬ್ಬರ ಮೇಲೆ ಒಬ್ಬರು ಎಸೆಯುವ ಕಲ್ಲಾಗದೆ ಸಭೆ ಸೇರಿ ಆಡುವ ಆಟವಾಗಿತ್ತು.

ನಮ್ಮ ಕ್ಯಾಸೆಟ್ಟು ಆ ಇನ್ನೊಂದು ಕಡೆಯನ್ನೇ ಅಳಿಸಿಹಾಕಿತು. ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ ಪ್ರಕಟಿಸಿದ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ಉತ್ತರ ಭಾರತದ ಬ್ರಜ್ ಸೀಮೆಯ ರಸಿಯಾ ಹಾಡುಗಳು ಕ್ಯಾಸೆಟ್ ವ್ಯಾಪಾರಕ್ಕೆ ಇಳಿದ ಕಥೆಯಿದೆ. ಹಾಡು ಸಭೆಯನ್ನು ಬಿಟ್ಟು ಅಂಗಡಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ನಾವೂ ನಂದಿನಿ ಲೇಔಟಿನಲ್ಲಿ ಕಣ್ಣಾರೆ ಕಂಡೆವು. ಹಾಡುವವನ ಮುಂದೆ ಹಾಡಿಸಿಕೊಂಡವಳು ಇರುವುದಿಲ್ಲ. ಅವಳಿಗೆ ಢೋಲಕ್ ಕೊಡುವವರಿಲ್ಲ. ಬಾಯಿ ಒಬ್ಬನದು, ಕಿವಿ ಎಲ್ಲರದು.

ಹಾಗೆಂದು ಇಂಥ ಹಾಡುಗಳನ್ನು ನಿಷೇಧಿಸಬೇಕು ಎನ್ನುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ಹೆಣ್ಣನ್ನು ಕಾಪಾಡುತ್ತೇವೆ ಎಂದು ಹೊರಡುವವರು ಮೊದಲು ಬೀಗ ಹಾಕುವುದು ಅವಳ ಬಾಯಿಗೇ. ನಮ್ಮ ಮನೆಗಳಲ್ಲೂ ಅದು ಆಗಿದೆ. ಮದುವೆಗಳು ಅಂಗಳದಿಂದ ಶಾದಿಮಹಲುಗಳಿಗೆ ಹೋದವು, ಜನರಿಗೆ ಸಭ್ಯತೆಯ ಚಿಂತೆ ಹೆಚ್ಚಾಯಿತು, ಢೋಲಕ್ ಅಟ್ಟಕ್ಕೇರಿತು. ಗಂಡಸರ ಪೋಲಿ ಹಾಡು ಮಾತ್ರ ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಅಲ್ಲಿಂದ ಮೊಬೈಲಿಗೆ ಆರಾಮವಾಗಿ ನಡೆದುಕೊಂಡು ಬಂತು. ಸಭ್ಯತೆ ನಿಲ್ಲಿಸಿದ್ದು ಜವಾಬನ್ನು, ಸವಾಲನ್ನಲ್ಲ.

2024ರಲ್ಲಿ ‘ಉಪೇಂದ್ರ’ ಮತ್ತೆ ತೆರೆಗೆ ಬಂತು. ನಾವು ಹೋಗಿದ್ದೆವು, ಮಕ್ಕಳನ್ನೂ ಕರೆದುಕೊಂಡು. ಚಿತ್ರ ಮೊದಲು ಬಂದಾಗ ಹುಟ್ಟಿಯೇ ಇರದಿದ್ದ ಹುಡುಗರು ಎದ್ದು ನಿಂತು ಪದ ತಪ್ಪದೆ ಹಾಡುತ್ತಿದ್ದರು. ಡ್ರಮ್ಸು ಶುರುವಾದಾಗ ನಮ್ಮ ಕಾಲೂ ಸುಮ್ಮನಿರಲಿಲ್ಲ. ಗುರುಕಿರಣ್ ಅವರ ಬಡಿತಕ್ಕೆ ವಯಸ್ಸಾಗಿಲ್ಲ ಎಂಬುದು ನಿಜ. ಮಧ್ಯಂತರದಲ್ಲಿ ನಮ್ಮ ಜೊತೆಗಿದ್ದ, ಆಗ ತಾನೇ ಕಾಲೇಜು ಸೇರಿದ್ದ ಹುಡುಗಿ ಪಾಪ್‌ಕಾರ್ನ್ ತಿನ್ನುತ್ತ ಕೇಳಿದಳು: ‘ಹಾಡು ಮಜಾ ಇದೆ ಮಾಮು. ಆದ್ರೆ ಅವಳೇನು ಅಂದ್ಲು? ಅವಳ ಹಾಡು ಯಾಕಿಲ್ಲ?’

ನಮ್ಮಲ್ಲಿ ಉತ್ತರವಿರಲಿಲ್ಲ. ನಾನಿಮಾ ಇದ್ದಿದ್ದರೆ ಢೋಲಕ್ ತರಿಸುತ್ತಿದ್ದರು.